ಗೋಡೆ ತುಂಬಾ ನುಡಿಮುತ್ತು ಅಂಟಿಸಿದ್ದೇನೆ, ಓದು ಮಾತ್ರ ಸಾಗುತ್ತಿಲ್ಲ. ಇದರಿಂದ ನಿಜವಾಗಿ ಯಾರಿಗಾದರೂ ಉಪಯೋಗ ಆಗಿದೆಯಾ?

ಗೋಡೆಚೀಟಿ
ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತದೆ, ಬೇಜಾರು ಮಾಡಿಕೊಳ್ಳಬೇಡಿ.

ನಮ್ಮೂರು ಮದ್ದೂರು ತಾಲ್ಲೂಕಿನಲ್ಲಿ. ಎರಡು ವರ್ಷದಿಂದ ಮೈಸೂರಿನ ಸರಸ್ವತಿಪುರಂನಲ್ಲಿ ಒಂದು ರೂಮು ಮಾಡಿಕೊಂಡು ಎಫ್‌ಡಿಎ, ಪಿಡಿಒ ಅಂತ ಸರ್ಕಾರಿ ಕೆಲಸದ ಪರೀಕ್ಷೆಗಳಿಗೆ ಓದುತ್ತಿದ್ದೇನೆ. ಓದುತ್ತಿದ್ದೇನೆ ಅನ್ನುವುದಕ್ಕಿಂತ ಓದಬೇಕು ಅಂದುಕೊಳ್ಳುತ್ತಿದ್ದೇನೆ ಅಂದರೆ ಸರಿ ಹೋಗುತ್ತದೆ. ಬೆಳಗ್ಗೆ ಎದ್ದ ತಕ್ಷಣ ಮೊಬೈಲಿನಲ್ಲಿ ಒಂದು ಒಳ್ಳೆಯ ಮಾತು ಹುಡುಕುತ್ತೇನೆ. ಯಶಸ್ಸು, ಛಲ, ಗುಣ ನಡತೆ, ಯಾವುದಾದರೂ ಸರಿ. ಅದನ್ನು ಹಳದಿ ಚೀಟಿಯಲ್ಲಿ ಸ್ಕೆಚ್ ಪೆನ್ನಿನಿಂದ ಬರೆದು, ಸುತ್ತ ಒಂದು ಗೆರೆ ಎಳೆದು, ಮೇಜಿನ ಮುಂದಿನ ಗೋಡೆಗೆ ಅಂಟಿಸುತ್ತೇನೆ. ಆಮೇಲೆ ಅದನ್ನೇ ಸ್ಟೇಟಸ್‌ಗೂ ಹಾಕುತ್ತೇನೆ. ಇಷ್ಟಕ್ಕೆ ಮುಕ್ಕಾಲು ಗಂಟೆ. ಮುಗಿಯುವಾಗ ಏನೋ ದೊಡ್ಡ ಕೆಲಸ ಮಾಡಿದ ಹಾಗೆ ಅನಿಸುತ್ತದೆ, ಎದ್ದು ಟೀ ಕುಡಿಯಲು ಹೋಗುತ್ತೇನೆ. ಬಂದ ಮೇಲೆ ಪುಸ್ತಕ ತೆಗೆದರೆ ಹತ್ತು ಪುಟಕ್ಕೆ ಆಕಳಿಕೆ.

ನಿನ್ನೆ ಎಣಿಸಿದೆ. ಗೋಡೆ ಮೇಲೆ 163 ಚೀಟಿ ಇವೆ. ಅರ್ಥಶಾಸ್ತ್ರದ ಪುಸ್ತಕದಲ್ಲಿ ಇನ್ನೂ 60ನೇ ಪುಟ ದಾಟಿಲ್ಲ.

ಮೊನ್ನೆ ಅವ್ವ ರಾಗಿ ಹಿಟ್ಟು, ಹುರುಳಿಕಾಳು ಕೊಟ್ಟು ಹೋಗೋಕೆ ಬಂದಿದ್ದಳು. ಗೋಡೆಯನ್ನು ಈ ಕಡೆಯಿಂದ ಆ ಕಡೆವರೆಗೂ ನೋಡಿದಳು. "ಇದೆಲ್ಲ ಪರೀಕ್ಸೇಲಿ ಬತ್ತದೇನ್ಲಾ?" ಅಂದಳು. ಇಲ್ಲ ಕಣವ್ವ ಅಂದೆ. "ಮತ್ಯಾಕ್ಲಾ ಬರ್ದಿದ್ದೀಯೆ?" ಅಂದಳು. ನನಗೆ ಉತ್ತರ ಬರಲಿಲ್ಲ.

ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ. ಇಂಥ ಮಾತುಗಳಿಂದ ದಿನಾ ಹುರುಪು ಪಡೆದು ನಿಜಕ್ಕೂ ಏನಾದರೂ ಮಾಡಿದವರು ಇದ್ದೀರಾ? ಇದ್ದರೆ ಹೇಗೆ? ಇಲ್ಲದಿದ್ದರೆ ಎಲ್ಲ ಕಿತ್ತು ಹಾಕಲಾ?

ಸುಮ್ನೆಬಂದೆ
ಅವ್ವನಿಗೆ ನೂರಕ್ಕೆ ನೂರು ಮಾರ್ಕ್ಸ್.

ಸೀಸನ್‌ಪಾಸ್
ಗುರು, ನೀವು ಒಬ್ಬರೇ ಅಲ್ಲ. ನಾನು ಮಂಡ್ಯದಿಂದ ಬೆಂಗಳೂರಿಗೆ ಚಾಮುಂಡಿ ಎಕ್ಸ್‌ಪ್ರೆಸ್ಸಿನಲ್ಲಿ 11 ವರ್ಷದಿಂದ ಓಡಾಡುತ್ತಿದ್ದೇನೆ. ರೈಲು ಹತ್ತುವಷ್ಟರಲ್ಲಿ ಫೋನಿನಲ್ಲಿ 30 ಗುಡ್ ಮಾರ್ನಿಂಗ್ ಬಂದಿರುತ್ತವೆ, ಎಲ್ಲದರಲ್ಲೂ ಒಂದು ಗುಲಾಬಿ, ಒಂದು ಸೂರ್ಯ, ಒಂದು ನೀತಿ. ನಮ್ಮ ಬೋಗಿಯಲ್ಲಿ ಒಬ್ಬರಿದ್ದಾರೆ, ದಿನಾ "ನಿದ್ದೆ ಬಿಟ್ಟವನಿಗೆ ಮಾತ್ರ ಗೆಲುವು" ಅನ್ನುವ ಥರದ್ದು ಕಳಿಸುತ್ತಾರೆ. ಕಳಿಸಿ ಶಾಲು ಹೊದ್ದು ಮಲಗಿದರೆ ಕೆಂಗೇರಿಯಲ್ಲಿ ನಾವೇ ಎಬ್ಬಿಸಬೇಕು.

ಆದರೂ ನಮಗೆ ಅದರಿಂದ ಒಂದು ಉಪಯೋಗ ಇದೆ. ಒಂದನ್ನು ಜೋರಾಗಿ ಓದಿ ಅದರ ಮೇಲೆ ಜಗಳ ಆಡುತ್ತೇವೆ. ಮದ್ದೂರು ಬರುವಷ್ಟರಲ್ಲಿ ವಡೆ ಬರುತ್ತದೆ, ಜಗಳ ಮುಗಿಯುತ್ತದೆ.

ಒಂಟಿಕೊಪ್ಪಲ್‌ಮೇಷ್ಟ್ರು
ನಾನು ಹೈಸ್ಕೂಲಿನಲ್ಲಿ 31 ವರ್ಷ ಪಾಠ ಮಾಡಿ ನಿವೃತ್ತನಾದವನು. ಅಷ್ಟೂ ವರ್ಷ ಕರಿಹಲಗೆಯ ಎಡ ಮೂಲೆಯಲ್ಲಿ ಬಣ್ಣದ ಸೀಮೆಸುಣ್ಣದಿಂದ ಚೌಕ ಹಾಕಿ "ಇಂದಿನ ಸುಭಾಷಿತ" ಬರೆಸಿದವನು. ಹಾಗಾಗಿ ನಾನು ಈ ಮಾತುಗಳ ಪರವೇ.

ನಮ್ಮಲ್ಲಿ ಸರದಿ ಇತ್ತು. ಸರದಿ ಬಂದ ಮಗು ಮನೆಯಿಂದ ಒಂದು ಮಾತು ತರಬೇಕು, ಬರೆಯಬೇಕು, ಅದರ ಅರ್ಥ ತನ್ನ ಮಾತಿನಲ್ಲಿ ಹೇಳಬೇಕು. ಹೇಳಲು ಬರದಿದ್ದರೆ ಅಳಿಸಿ ಬೇರೆ ತರಬೇಕು. ಒಮ್ಮೆ ಒಬ್ಬ ಹುಡುಗ "ಉದ್ಯಮೇನ ಹಿ ಸಿದ್ಧ್ಯಂತಿ ಕಾರ್ಯಾಣಿ ನ ಮನೋರಥೈಃ" ತಂದ. ಮಲಗಿದ ಸಿಂಹದ ಬಾಯಿಗೆ ಜಿಂಕೆ ತಾನಾಗಿ ಬಂದು ಬೀಳುವುದಿಲ್ಲ ಅಂತ ಅರ್ಥ ಹೇಳಿದ. ಹಿಂದಿನ ಬೆಂಚಿನವನೊಬ್ಬ ಎದ್ದು, "ಸಾರ್, ಎದ್ದು ಕೂತ್ರೂ ಬರಲ್ಲ ಸಾರ್, ಅದರ ಹಿಂದೆ ಓಡಬೇಕು" ಅಂದ. ಆ ವರ್ಷ ನಾನು ಕೇಳಿದ ಅತ್ಯುತ್ತಮ ವ್ಯಾಖ್ಯಾನ ಅದು.

ತಮ್ಮಾ, ನಿಮ್ಮ ಗೋಡೆಗೂ ನಮ್ಮ ಹಲಗೆಗೂ ಒಂದು ವ್ಯತ್ಯಾಸ ಇದೆ. ನಾವು ಸಾಯಂಕಾಲ ಗಂಟೆ ಹೊಡೆದ ಮೇಲೆ ಅಳಿಸುತ್ತಿದ್ದೆವು. ನಾಳೆಗೆ ಜಾಗ ಬೇಕಲ್ಲ. ನಿಮ್ಮದು ಅಳಿಸುತ್ತಿಲ್ಲ, ಗುಡ್ಡೆ ಬೀಳುತ್ತಿದೆ.

ಬಾಡಿಗೆಮನೆ
163 ಚೀಟಿ ಗೋಡೆಗೆ ಗಮ್ ಹಾಕಿ ಅಂಟಿಸಿದ್ದೀರಾ?? ಓನರ್ ನೋಡಿದ್ದಾರಾ?

ಗೋಡೆಚೀಟಿ
ಗಮ್ ಅಲ್ಲ, ಫೆವಿಕಾಲ್. ಆ ಅಂಟು ಚೀಟಿ ಫ್ಯಾನ್ ಗಾಳಿಗೆ ಉದುರುತ್ತಿತ್ತು.

ಬಾಡಿಗೆಮನೆ
ಮುಗೀತು ಕಥೆ.

ನಾಲೆಬಯಲು
ನಾವು ವಿ.ಸಿ. (ವಿಶ್ವೇಶ್ವರಯ್ಯ) ನಾಲೆ ಬಯಲಿನ ರೈತರು. ನಮಗೆ ದಿನಾ ಬೆಳಗ್ಗೆ ಹುರುಪು ಕೊಡುವುದು ನುಡಿಮುತ್ತಲ್ಲ ಸ್ವಾಮಿ, ಕನ್ನಂಬಾಡಿ ಕಟ್ಟೆ (ಕೆಆರ್‌ಎಸ್) ನೀರಿನ ಮಟ್ಟ. ಪೇಪರ್ ತೆಗೆದರೆ ಮೊದಲು ಅದನ್ನೇ ನೋಡುವುದು. ಗರಿಷ್ಠ 124.80 ಅಡಿ, ಇವತ್ತು ಎಷ್ಟು, ಒಳಹರಿವು ಎಷ್ಟು, ಹೊರಹರಿವು ಎಷ್ಟು. ಮಟ್ಟ ಏರಿದರೆ ಇಡೀ ಊರಿಗೇ ಉತ್ಸಾಹ, ಇಳಿದರೆ ಯಾವ ಮಹಾತ್ಮರು ಬಂದು ಹೇಳಿದರೂ ಯಾರೂ ಭತ್ತದ ಒಟ್ಲು ಹಾಕಲ್ಲ.

ನಿಮಗೂ ಅಂಥದ್ದು ಒಂದು ಮಟ್ಟ ಬೇಕು. ಇವತ್ತು ಎಷ್ಟು ಪುಟ ಅಂತ ಗೋಡೆ ಮೇಲೆ ಬರೆಯಿರಿ.

ಸೀಸನ್‌ಪಾಸ್
ಒಳಹರಿವು 10 ಪುಟ, ಹೊರಹರಿವು 9 ಪುಟ 😀

ಸ್ಟೇಟಸ್‌ಶೂರ
ಎಲ್ಲರೂ ಒಬ್ಬ ಹುಡುಗನನ್ನು ಹಿಡಿದುಕೊಂಡು ನಗುತ್ತಿದ್ದೀರಿ, ಚೆನ್ನಾಗಿಲ್ಲ. ಒಳ್ಳೆ ಮಾತು ಓದುವುದರಲ್ಲಿ ತಪ್ಪೇನಿದೆ? ಕೆಟ್ಟ ವಿಡಿಯೋ ನೋಡುತ್ತಾ ಕೂರುವುದಕ್ಕಿಂತ ವಾಸಿ ಅಲ್ವಾ? ನಾನು ನಾಲ್ಕು ವರ್ಷದಿಂದ ಒಂದು ದಿನವೂ ತಪ್ಪಿಸದೆ ಹಾಕುತ್ತಿದ್ದೇನೆ. ಬಸವಣ್ಣನವರೇ ಹೇಳಿಲ್ವಾ, ಕಾಯಕವೇ ಕೈಲಾಸ ಅಂತ. ಸರ್ ಎಂ.ವಿ. ಅವರು ಸರ್ಕಾರದ ಕೆಲಸಕ್ಕೆ ಒಂದು ಮೇಣದ ಬತ್ತಿ, ಸ್ವಂತ ಕೆಲಸಕ್ಕೆ ಇನ್ನೊಂದು ಬತ್ತಿ ಹಚ್ಚುತ್ತಿದ್ದರು. ಇಂಥದ್ದನ್ನೆಲ್ಲ ದಿನಾ ನೆನೆಸಿಕೊಂಡರೆ ತಾನೇ ಗುಣ ಬರುವುದು?

ಮಂಡಿಮೊಹಲ್ಲಾ
ಆ ಬತ್ತಿ ಕಥೆ ಬಗ್ಗೆ ಒಂದು ಮಾತು. ಇದೇ ಕಥೆಯನ್ನು ನಾನು ಚಿಕ್ಕವನಿದ್ದಾಗ ಮಸೀದಿಯಲ್ಲಿ ಕೇಳಿದ್ದೇನೆ, ಖಲೀಫ ಉಮರ್ ಬಿನ್ ಅಬ್ದುಲ್ ಅಜೀಜ್ ಅವರ ಹೆಸರಲ್ಲಿ. ರಾಜ್ಯದ ಲೆಕ್ಕ ನೋಡುವಾಗ ಬೊಕ್ಕಸದ ಎಣ್ಣೆ ದೀಪ, ಬಂದವರು ಮನೆ ಸುದ್ದಿ ಮಾತಾಡಿದ ತಕ್ಷಣ ಅದನ್ನು ಆರಿಸಿ ಸ್ವಂತ ದೀಪ. ಆಮೇಲೆ ಕಾಲೇಜಿನಲ್ಲಿ ಗೆಳೆಯನೊಬ್ಬ ಅದನ್ನೇ ಚಾಣಕ್ಯನ ಹೆಸರಲ್ಲಿ ಹೇಳಿದ. ಮೂರನೇ ಸಲ ಕೇಳಿದ್ದು ವಿಶ್ವೇಶ್ವರಯ್ಯನವರ ಹೆಸರಲ್ಲಿ. ಎಣ್ಣೆ ಹೋಗಿ ಮೇಣ ಬಂದಿತ್ತು ಅಷ್ಟೇ.

ನಾಲೆಬಯಲು
ಅಂದರೆ ಸರ್ ಎಂ.ವಿ. ಪ್ರಾಮಾಣಿಕರಲ್ಲ ಅಂತಲಾ ನಿಮ್ಮ ಮಾತು? ನಮ್ಮ ಮಂಡ್ಯದಲ್ಲಿ ಬಂದು ಈ ಮಾತು ಹೇಳಿ ನೋಡೋಣ. ನಮ್ಮ ಮನೆ ದೇವರ ಕೋಣೆಯಲ್ಲಿ ಅವರ ಫೋಟೋ ಇದೆ.

ಮಂಡಿಮೊಹಲ್ಲಾ
ಅಯ್ಯೋ ಅಣ್ಣಾ, ಹಾಗೆ ಎಲ್ಲಿ ಹೇಳಿದೆ. ಒಳ್ಳೆ ಕಥೆ ಒಳ್ಳೆಯವರ ಮನೆ ಹುಡುಕಿಕೊಂಡು ಹೋಗುತ್ತದೆ ಅಂತ ಹೇಳಿದೆ. ಅವರಿಗೆ ಒಪ್ಪುತ್ತದೆ ಅಂತಲೇ ಅವರ ಹೆಸರಿಗೆ ಅಂಟಿಕೊಂಡಿದೆ.

ಒಂಟಿಕೊಪ್ಪಲ್‌ಮೇಷ್ಟ್ರು
ಇಬ್ಬರೂ ಸ್ವಲ್ಪ ತಡೆಯಿರಿ. ವಿಶ್ವೇಶ್ವರಯ್ಯನವರಿಗೆ ಬತ್ತಿ ಕಥೆಯ ಅಗತ್ಯವೇ ಇಲ್ಲ. ಕನ್ನಂಬಾಡಿ ಕಟ್ಟೆಯ ಕೆಲಸ ಶುರುವಾಗಿದ್ದು 1911ರಲ್ಲಿ, ಆಗ ಅವರು ಮೈಸೂರಿನ ಚೀಫ್ ಇಂಜಿನಿಯರ್. 1912ರಲ್ಲಿ ದಿವಾನರಾದರು, 1918ರಲ್ಲಿ ದಿವಾನಗಿರಿ ಬಿಟ್ಟರು. ಕಟ್ಟೆ ಮುಗಿಯಲು ಸುಮಾರು 20 ವರ್ಷ ಹಿಡಿಯಿತು. ಸಿಮೆಂಟಿನ ಬದಲು ಸುಣ್ಣ, ಇಟ್ಟಿಗೆ ಪುಡಿ ಕಲಸಿದ ಸುರ್ಕಿ ಗಾರೆ. ಅವರು ಬಿಟ್ಟ ಮೇಲೂ ಹತ್ತು ಹನ್ನೆರಡು ವರ್ಷ ಯಾರ್ಯಾರೋ ಇಂಜಿನಿಯರುಗಳು, ಸಾವಿರಾರು ಕೂಲಿಯವರು ಕಲ್ಲು ಹೊತ್ತರು. ಅವರ ಹೆಸರು ನಮಗೆ ಗೊತ್ತಿಲ್ಲ. ನುಡಿಮುತ್ತಿನಲ್ಲಿ ಈ 20 ವರ್ಷ ಹಿಡಿಸುವುದಿಲ್ಲ, ಬತ್ತಿ ಹಿಡಿಸುತ್ತದೆ. ಅದಕ್ಕೇ ಬತ್ತಿ ಓಡಾಡುತ್ತದೆ.

ಇನ್ನು ಸ್ಟೇಟಸ್‌ಶೂರ ಅವರೇ, ಬಸವಣ್ಣನವರು ಕಾಯಕದ ಬಗ್ಗೆ ಹೇಳಿದ್ದು ಬೇಕಾದಷ್ಟಿದೆ. ಆದರೆ "ಕಾಯಕವೆ ಕೈಲಾಸ" ಅನ್ನುವ ಮಾತು ಇರುವುದು ಆಯ್ದಕ್ಕಿ ಮಾರಯ್ಯನ ವಚನದಲ್ಲಿ. ಹೆಸರೇ ಹೇಳುವ ಹಾಗೆ, ಅಂಗಳದಲ್ಲಿ ಚೆಲ್ಲಿದ ಅಕ್ಕಿ ಆಯ್ದು ತಂದು ದಾಸೋಹ ಮಾಡುತ್ತಿದ್ದವನು. ಒಂದು ದಿನ ಅಭ್ಯಾಸಕ್ಕಿಂತ ಜಾಸ್ತಿ ಅಕ್ಕಿ ತಂದ. ಹೆಂಡತಿ ಲಕ್ಕಮ್ಮ ಏನಂದಳು ಗೊತ್ತಾ? "ಈಸಕ್ಕಿಯಾಸೆ ನಿಮಗೇಕೆ", ಹೋಗಿ ಅಲ್ಲೇ ಸುರಿದು ಬನ್ನಿ ಅಂದಳು. 12ನೇ ಶತಮಾನದ ಮಾತು. ನಮ್ಮ ಗೋಡೆಚೀಟಿಯವರ ಅವ್ವ ಕೇಳಿದ್ದೂ ಹೆಚ್ಚುಕಮ್ಮಿ ಅದನ್ನೇ. ಇಷ್ಟೊಂದು ಮಾತು ನಿನಗ್ಯಾಕೆ ಅಂತ.

ಸುಮ್ನೆಬಂದೆ
ಮೇಷ್ಟ್ರು ಬೌಂಡರಿ ಹೊಡೆದರು.

ಸ್ಟೇಟಸ್‌ಶೂರ
ಸರಿ, ಹೆಸರು ತಪ್ಪಿರಬಹುದು, ಮಾತು ಸರಿ ಇದೆಯಲ್ಲ. ಯಾರು ಹೇಳಿದರೇನು?

ಗಂಗೋತ್ರಿಹುಡುಗಿ
ಯಾರು ಹೇಳಿದರೇನು ಅನ್ನುವುದು ಅಷ್ಟು ಸುಲಭ ಅಲ್ಲ ಸರ್. ನಾನು ಮಾನಸಗಂಗೋತ್ರಿಯಲ್ಲಿ ಮನಃಶಾಸ್ತ್ರ ಓದಿದವಳು, ಎರಡು ವಿಷಯ ಹೇಳುತ್ತೇನೆ.

ಒಂದು, ಪ್ರಾಸ. 2000ದಲ್ಲಿ ಅಮೆರಿಕದಲ್ಲಿ ಒಂದು ಅಧ್ಯಯನ ಬಂತು. ಒಂದೇ ಅರ್ಥದ ಮಾತನ್ನು ಪ್ರಾಸ ಇಟ್ಟು ಒಮ್ಮೆ, ಪ್ರಾಸ ತೆಗೆದು ಒಮ್ಮೆ ತೋರಿಸಿದರು. ಪ್ರಾಸ ಇರುವುದೇ ಜಾಸ್ತಿ ನಿಜ ಅಂತ ಜನರಿಗೆ ಅನಿಸಿತು. ನಮ್ಮದನ್ನೇ ನೋಡಿ. ಕೈ ಕೆಸರಾದರೆ ಬಾಯಿ ಮೊಸರು. ಇದನ್ನೇ "ಕೈ ಮಣ್ಣಾದರೆ ಬಾಯಿಗೆ ಮಜ್ಜಿಗೆ" ಅಂದರೆ ಅಜ್ಜಿ ಕೂಡ ತಲೆ ಆಡಿಸಲ್ಲ. ಮಾತಿನ ಬಲ ಅರ್ಧ ಕಿವಿಯಲ್ಲೇ ಇದೆ.

ಎರಡು, 2015ರಲ್ಲಿ ಕೆನಡಾದ ವಾಟರ್‌ಲೂ ವಿಶ್ವವಿದ್ಯಾಲಯದವರು ಒಂದು ತಮಾಷೆ ಮಾಡಿದರು. ದೊಡ್ಡ ದೊಡ್ಡ ಪದಗಳನ್ನು ಕಂಪ್ಯೂಟರಿನಿಂದ ಹೇಗೆಂದರೆ ಹಾಗೆ ಜೋಡಿಸಿ, ವ್ಯಾಕರಣ ಸರಿ ಇರುವ ಆದರೆ ಅರ್ಥವೇ ಇಲ್ಲದ ವಾಕ್ಯ ಮಾಡಿ ಜನರ ಮುಂದೆ ಇಟ್ಟರು. ಇದರಲ್ಲಿ ಏನೋ ಆಳ ಇದೆ ಅಂದವರು ಕಡಿಮೆ ಇರಲಿಲ್ಲ.

ಇನ್ನೊಂದು ನನ್ನದೇ ಅನುಭವ. ನಮ್ಮ ಮೈಸೂರು ವಿಶ್ವವಿದ್ಯಾಲಯದ ಲಾಂಛನದಲ್ಲಿ "ನ ಹಿ ಜ್ಞಾನೇನ ಸದೃಶಂ" ಅಂತ ಇದೆ. 5 ವರ್ಷ ಪ್ರತಿ ಮಾರ್ಕ್ಸ್ ಕಾರ್ಡಿನ ಮೇಲೆ ನೋಡಿದೆ. ಹಾಗಂದರೇನು ಅಂತ ಒಂದು ಸಲವೂ ಕೇಳಲಿಲ್ಲ. ದಿನಾ ಕಣ್ಣ ಮುಂದಿರುವ ಮಾತು ಮೂರನೇ ದಿನಕ್ಕೆ ಗೋಡೆಯ ಬಣ್ಣ ಆಗಿಬಿಡುತ್ತದೆ.

ಒಂಟಿಕೊಪ್ಪಲ್‌ಮೇಷ್ಟ್ರು
ಗೀತೆಯ 4ನೇ ಅಧ್ಯಾಯದ ಸಾಲು ಅದು ತಾಯಿ. ಮುಂದೆ "ಪವಿತ್ರಮಿಹ ವಿದ್ಯತೇ" ಅಂತ ಇದೆ. ಜ್ಞಾನದಷ್ಟು ಶುದ್ಧಿ ಮಾಡುವಂಥದ್ದು ಬೇರೆ ಇಲ್ಲ ಅಂತ. ಲಾಂಛನದಲ್ಲಿ ಅರ್ಧ ನಿಲ್ಲಿಸಿದ್ದಾರೆ, ಜಾಗ ಸಾಲದಿರಬಹುದು.

ಸುಮ್ನೆಬಂದೆ
ಮೇಡಂ, ಆ ಕೆನಡಾ ಪ್ರಯೋಗ ನಾನೂ ಮಾಡುತ್ತೇನೆ. ಈಗ ತಾನೇ ಸ್ಟೇಟಸ್ ಹಾಕಿದೆ: "ಮೌನದ ಬೆಳಕೇ ಗುರಿಯ ನೆರಳಿಗೆ ಬೀಜ." ನನಗೂ ಅರ್ಥ ಗೊತ್ತಿಲ್ಲ. ನಾಳೆ ಫಲಿತಾಂಶ ಹೇಳುತ್ತೇನೆ.

ಆಲೆಮನೆ
ಕೆಸರು ಮೊಸರು ಅಂತ ಎತ್ತಿದ್ದೀರಿ, ಅದಕ್ಕೇ ಬಂದೆ.

ನಮ್ಮದು ಕಬ್ಬು. ಜೊತೆಗೆ ಅಣ್ಣ ತಮ್ಮಂದಿರ ಒಂದು ಆಲೆಮನೆ. ಕಬ್ಬು ನೆಟ್ಟ ಮೇಲೆ 12 ತಿಂಗಳು ಕಾಯಬೇಕು, ಕಟಾವಿಗೆ ಆಳು ಸಿಗದಿದ್ದರೆ 14. ಒಂದು ವರ್ಷ ಕಾರ್ಖಾನೆಗೆ ಹಾಕಿದ ಕಬ್ಬಿನ ದುಡ್ಡು ಬರಲು ಇನ್ನೂ ಏಳು ತಿಂಗಳು ಹಿಡಿಯಿತು. ಯಾವ ಕಾರ್ಖಾನೆ ಅನ್ನುವುದು ಬೇಡ. ಆ ಏಳು ತಿಂಗಳು ನಮ್ಮ ಅಪ್ಪ ಬೆಲ್ಲದ ಕೊಪ್ಪರಿಗೆ ಮುಂದೆ ರಾತ್ರಿ ಮೂರು ಗಂಟೆವರೆಗೆ ನಿಂತು ಪಾಕ ನೋಡುತ್ತಿದ್ದರು. ಒಂದು ನಿಮಿಷ ಆಚೀಚೆ ಆದರೆ ಅಚ್ಚು ಕಟ್ಟಲ್ಲ. ಕೈ ಬರೀ ಕೆಸರಲ್ಲ, ಸುಟ್ಟು ಬೊಬ್ಬೆ. ಮೊಸರು ಎಲ್ಲಿ?

ಅದೇ ಸಮಯದಲ್ಲಿ ನಮ್ಮ ಭಾವ ಬೆಂಗಳೂರಿನಿಂದ ಗ್ರೂಪಿಗೆ ಕಳಿಸಿದರು, "ಬಡವನಾಗಿ ಹುಟ್ಟುವುದು ತಪ್ಪಲ್ಲ, ಬಡವನಾಗಿ ಸಾಯುವುದು ನಿನ್ನ ತಪ್ಪು." ಅಪ್ಪ ಓದಿ ಫೋನು ಮಡಚಿ ಇಟ್ಟರು, ಏನೂ ಅನ್ನಲಿಲ್ಲ. ನಾನು ಗ್ರೂಪು ಬಿಟ್ಟೆ. ಇವತ್ತಿಗೂ ಸೇರಿಲ್ಲ.

ಈ ಯಶಸ್ಸಿನ ಮಾತುಗಳಲ್ಲಿ ನನಗೆ ಆಗದೇ ಇರುವುದು ಇದೇ. ಗೆದ್ದವನು ಹೇಳುತ್ತಾನೆ, ಸೋತವನ ಮೇಲೆ ತಪ್ಪು ಹೊರಿಸುತ್ತದೆ. ಮಳೆ, ನಾಲೆ, ದರ, ಬಾಕಿ, ಇವು ಯಾವುದೂ ಆ ಎರಡು ಸಾಲಿನಲ್ಲಿ ಇರಲ್ಲ.

ನಾಲೆಬಯಲು
ಈ ಮಾತಿಗೆ ನನ್ನದೂ ಒಂದು ಸಹಿ.

ಮಲ್ಲಿಗೆಮೊಗ್ಗು
ಆಲೆಮನೆ ತಮ್ಮಾ, ನಿಮ್ಮ ಮಾತು ಓದಿ ಹೊಟ್ಟೆ ಉರಿಯಿತು. ಆದರೆ ಎಲ್ಲ ಮಾತನ್ನೂ ಒಂದೇ ಚೀಲಕ್ಕೆ ಹಾಕಬೇಡಿ.

ನಾನು ಅಗ್ರಹಾರದಲ್ಲಿ ಮನೆಯಲ್ಲೇ ರವಿಕೆ ಹೊಲಿಯುತ್ತೇನೆ. ಆರು ವರ್ಷದ ಹಿಂದೆ ನಮ್ಮ ಯಜಮಾನರು ಬೈಕಿನಿಂದ ಬಿದ್ದು ಎಂಟು ತಿಂಗಳು ಹಾಸಿಗೆ ಹಿಡಿದರು. ಆ ವರ್ಷ ದಸರಾ ಮುಂಚೆ 70 ರವಿಕೆ ಒಪ್ಪಿಕೊಂಡುಬಿಟ್ಟೆ, ದುಡ್ಡಿಗಾಗಿ. ರಾತ್ರಿ ಕೂತರೆ ಆ ಬಟ್ಟೆ ರಾಶಿ ನೋಡಿಯೇ ಕೈ ನಡುಗುತ್ತಿತ್ತು. ಅಳುತ್ತಾ ಕೂತಿದ್ದೆ ಅನಿಸುತ್ತೆ ಒಂದು ದಿನ, ಮಗಳು ನೋಡಿದ್ದಾಳೆ, ಎರಡನೇ ಕ್ಲಾಸು ಆಗ. ಬೆಳಗ್ಗೆ ನೋಡಿದರೆ ಮೆಷಿನ್ನಿನ ಮೇಲೆ ಅವಳ ಕಾಪಿ ಹಾಳೆಯಲ್ಲಿ ಪೆನ್ಸಿಲ್ಲಿನಲ್ಲಿ ಬರೆದು ಅಂಟಿಸಿದ್ದಳು: "ಒಂದೊಂದೇ ಹೊಲಿಗೆ ಅಮ್ಮಾ." ಹೊಲಿಗೆ ಅನ್ನುವುದಕ್ಕೆ ಳ ಹಾಕಿದ್ದಳು, ಹೊಳಿಗೆ ಅಂತ.

ನಗಬೇಡಿ, ನಾನು ಅವತ್ತು ನಕ್ಕೆ. ನಕ್ಕು ದಾರ ಪೋಣಿಸಿದೆ. ಅದು ಇನ್ನೂ ಮೆಷಿನ್ ಮೇಲೆಯೇ ಇದೆ, ಎಣ್ಣೆ ಬಿದ್ದು ಕಪ್ಪಾಗಿದೆ, ಅಕ್ಷರ ಕಾಣಲ್ಲ. ಬೇರೆ ಯಾರಿಗೂ ಅದನ್ನು ಫಾರ್ವರ್ಡ್ ಮಾಡಿದರೆ ಏನೂ ಅನಿಸಲ್ಲ ಅಂತ ನನಗೆ ಗೊತ್ತು.

ಆಲೆಮನೆ
ಅಕ್ಕಾ, ನಿಮಗೆ ಹೇಳಿದ್ದಲ್ಲ. ಆ ಚೀಟಿ ನನಗೂ ಬೇಕಾಗಿತ್ತು ಆ ವರ್ಷ.

ಸೀಸನ್‌ಪಾಸ್
ಒಂದೊಂದೇ ಹೊಳಿಗೆ 😀 ನಮ್ಮ ಮನೆಯಲ್ಲಿ ಯುಗಾದಿ ದಿನ ನಾನು ಪಾಲಿಸುವ ನೀತಿ. ಕ್ಷಮಿಸಿ ಅಕ್ಕ, ತಡೆಯಲಾಗಲಿಲ್ಲ.

ಮಲ್ಲಿಗೆಮೊಗ್ಗು
ಪರವಾಗಿಲ್ಲ, ನಮ್ಮ ಮನೆಯವರೂ ಇದೇ ಜೋಕು ಆರು ವರ್ಷದಿಂದ ಹೇಳುತ್ತಿದ್ದಾರೆ.

ಬಾಡಿಗೆಮನೆ
ವಿಷಯಕ್ಕೆ ಬರೋಣ. ಹತ್ತು ತಿಂಗಳ ಬಾಡಿಗೆ ಅಡ್ವಾನ್ಸ್ ಕೊಟ್ಟಿರುತ್ತೀರಿ. ಖಾಲಿ ಮಾಡುವಾಗ ಪೇಂಟಿಂಗ್‌ಗೆ ಅಂತ ಒಂದು ತಿಂಗಳದ್ದು ಹೇಗೂ ಹಿಡಿಯುತ್ತಾರೆ. ನನ್ನ ಹಳೇ ಓನರ್ ಮೊಳೆ ಹೊಡೆದ ಒಂದೊಂದು ತೂತಿಗೂ ಬೇರೆ ಲೆಕ್ಕ ಹಾಕಿದ್ದರು. 163 ಕಡೆ ಸುಣ್ಣ ಕಿತ್ತು ಬಂದರೆ ಎಷ್ಟಾಗುತ್ತದೆ ಯೋಚನೆ ಮಾಡಿ. ಇದಕ್ಕಿಂತ ದೊಡ್ಡ ಸ್ಫೂರ್ತಿ ಬೇಕಾ?

ಮಂಡಿಮೊಹಲ್ಲಾ
ನಮ್ಮ ಕಡೆ ಅಡ್ವಾನ್ಸ್ ವಾಪಸ್ ಬಂದರೆ ಅದೇ ಒಂದು ಪವಾಡ. ನನ್ನ ತಂಗಿ ಮನೆಯವರು ಖಾಲಿ ಮಾಡಿ ನಾಲ್ಕು ತಿಂಗಳಾಯಿತು, "ಹೊಸ ಬಾಡಿಗೆದಾರರು ಬರಲಿ, ಅವರ ಅಡ್ವಾನ್ಸ್ ತಗೊಂಡು ಕೊಡ್ತೀನಿ" ಅಂತಿದ್ದಾರೆ.

ನಾಲೆಬಯಲು
ಅದಕ್ಕೇ ಊರಲ್ಲಿ ಮನೆ ಇರಬೇಕು ಅನ್ನುವುದು.

ನಿರ್ವಾಹಕ
ಬಾಡಿಗೆ ಸಮಸ್ಯೆಗೆ ಬೇರೆ ಚರ್ಚೆ ಇದೆ, ಅಲ್ಲಿ ಮುಂದುವರಿಸಿ. ಇಲ್ಲಿ ಮೂಲ ಪ್ರಶ್ನೆಗೆ ಬನ್ನಿ.

ಗೋಡೆಚೀಟಿ
ಎಲ್ಲರಿಗೂ ಥ್ಯಾಂಕ್ಸ್. ಓದಿ ನಗುವೂ ಬಂತು, ಸ್ವಲ್ಪ ನಾಚಿಕೆಯೂ ಆಯಿತು. ಒಂದು ವಿಷಯ ಹೇಳಲೇಬೇಕು. ನಾನು ಅಂಟಿಸಿದ ಮೊಟ್ಟಮೊದಲ ಚೀಟಿ "ಏಳಿ, ಎದ್ದೇಳಿ, ಗುರಿ ಮುಟ್ಟುವ ತನಕ ನಿಲ್ಲದಿರಿ." ಅದು ಇರುವುದು ಹಾಸಿಗೆಯ ಪಕ್ಕದ ಗೋಡೆಯಲ್ಲಿ. ದಿನಾ ಮಲಗಿಕೊಂಡೇ ಓದುತ್ತೇನೆ.

ಒಂಟಿಕೊಪ್ಪಲ್‌ಮೇಷ್ಟ್ರು
ಅಯ್ಯೋ ದೇವರೇ.

ಆದರೆ ಆ ಮಾತು ಬಂತಲ್ಲ, ಹೇಳಿಬಿಡುತ್ತೇನೆ. ವಿವೇಕಾನಂದರು ಅದನ್ನು ತೆಗೆದುಕೊಂಡದ್ದು ಕಠೋಪನಿಷತ್ತಿನಿಂದ. (1892ರಲ್ಲಿ ಅವರು ಮೈಸೂರಿಗೂ ಬಂದಿದ್ದರು, ಚಾಮರಾಜ ಒಡೆಯರ ಅತಿಥಿಯಾಗಿ.) ಯಮ ನಚಿಕೇತನಿಗೆ ಹೇಳುವ ಪ್ರಸಂಗ. "ಉತ್ತಿಷ್ಠತ ಜಾಗ್ರತ ಪ್ರಾಪ್ಯ ವರಾನ್ನಿಬೋಧತ." ಏಳಿ, ಎಚ್ಚರಾಗಿ, ಬಲ್ಲವರ ಹತ್ತಿರ ಹೋಗಿ ತಿಳಿದುಕೊಳ್ಳಿ. ಗುರಿ ಮುಟ್ಟುವ ತನಕ ಅನ್ನುವುದು ಸ್ವಾಮೀಜಿಯವರು ತಮ್ಮ ಕಾಲದ ಜನಕ್ಕೆ ಕೊಟ್ಟ ರೂಪ, ಅದಕ್ಕೂ ಬೆಲೆ ಇದೆ. ಆದರೆ ಮೂಲದ ಮುಂದಿನ ಸಾಲನ್ನು ಯಾರೂ ಸ್ಟೇಟಸ್ ಹಾಕುವುದಿಲ್ಲ: ಈ ದಾರಿ ಕ್ಷೌರದ ಕತ್ತಿಯ ಅಲಗಿನ ಹಾಗೆ, ದಾಟುವುದು ಕಷ್ಟ.

ಗಂಗೋತ್ರಿಹುಡುಗಿ
ಬಲ್ಲವರ ಹತ್ತಿರ ಹೋಗಿ! ಗೋಡೆಚೀಟಿ ಅವರೇ, ನಿಮಗೆ ಗೊತ್ತಿರುವವರಲ್ಲಿ ಪರೀಕ್ಷೆ ಪಾಸಾದವರು ಯಾರಾದರೂ ಇದ್ದಾರಾ? ಅವರನ್ನು ಕೇಳಿದ್ದೀರಾ?

ಇನ್ನೊಂದು ಸಣ್ಣ ಉಪಾಯ. ಗೋಲ್‌ವಿಟ್ಜರ್ ಅಂತ ಒಬ್ಬ ಮನಃಶಾಸ್ತ್ರಜ್ಞರು 1999ರಲ್ಲಿ ಬರೆದದ್ದು, ಆಮೇಲೆ ತುಂಬಾ ಜನ ಪರೀಕ್ಷೆ ಮಾಡಿದ್ದಾರೆ. "ಚೆನ್ನಾಗಿ ಓದುತ್ತೇನೆ" ಅಂತ ಬರೆಯಬೇಡಿ. "ಟೀ ಲೋಟ ತೊಳೆದು ಇಟ್ಟ ತಕ್ಷಣ ಅರ್ಥಶಾಸ್ತ್ರದ 61ನೇ ಪುಟ ತೆಗೆಯುತ್ತೇನೆ" ಅಂತ ಬರೆಯಿರಿ. ಯಾವಾಗ, ಎಲ್ಲಿ, ಏನು, ಇಷ್ಟೇ. ಅದಕ್ಕೆ ಸ್ಕೆಚ್ ಪೆನ್ ಬೇಡ.

ಗೋಡೆಚೀಟಿ
ಇದ್ದಾರೆ ಮೇಡಂ. ಮುಂದಿನ ಕ್ರಾಸಿನಲ್ಲೇ ಒಬ್ಬರು ಅಣ್ಣ, ಎಸ್‌ಡಿಎ ಆಗಿ ಕೆಲಸಕ್ಕೆ ಸೇರಿದ್ದಾರೆ. ನಮ್ಮ ತಾಲ್ಲೂಕಿನವರೇ. ಮೆಸ್ಸಿನಲ್ಲಿ ದಿನಾ ಸಿಗುತ್ತಾರೆ. ಕೇಳಲು ಸಂಕೋಚ. ಅವರು ನನ್ನ ಸ್ಟೇಟಸ್‌ಗೆ ಹಾರ್ಟ್ ಹಾಕುತ್ತಾರೆ, ನಾನು ತುಂಬಾ ಓದುತ್ತಿದ್ದೇನೆ ಅಂದುಕೊಂಡಿದ್ದಾರೆ.

ಆಲೆಮನೆ
ನೋಡಿ, ಇಲ್ಲಿದೆ ನಿಮ್ಮ ರೋಗ. ಗೋಡೆಯಲ್ಲಲ್ಲ, ಸ್ಟೇಟಸ್ಸಿನಲ್ಲಿ. ಓದುತ್ತಿದ್ದೀರಿ ಅಂತ ಊರಿಗೆಲ್ಲ ಕಂಡ ಮೇಲೆ ಓದುವ ಅವಸರ ಏನಿದೆ? ಇವತ್ತು ರಾತ್ರಿ ಊಟಕ್ಕೆ ಅವರ ಪಕ್ಕದಲ್ಲೇ ಕೂರಿ.

ಸ್ಟೇಟಸ್‌ಶೂರ
ಇದು ಸ್ವಲ್ಪ ನನಗೂ ತಾಗಿತು. ಆದರೂ ನಾಳೆ ಹಾಕುತ್ತೇನೆ. ಊರಲ್ಲಿ ನಮ್ಮ ದೊಡ್ಡಮ್ಮ ಒಬ್ಬರೇ ಇರುವುದು, ಆರು ಗಂಟೆಗೆ ನನ್ನ ಸ್ಟೇಟಸ್ ಕಾಣದಿದ್ದರೆ ಫೋನ್ ಮಾಡಿ "ಹುಷಾರಿಲ್ವೇನಪ್ಪ" ಅಂತ ಕೇಳುತ್ತಾರೆ. ಅವರು ಅದನ್ನು ಓದುವುದೂ ಇಲ್ಲ.

ಒಂಟಿಕೊಪ್ಪಲ್‌ಮೇಷ್ಟ್ರು
ಹಾಗಿದ್ದರೆ ಖಂಡಿತ ಹಾಕಿ. ನಾನು ಇಷ್ಟು ಹೊತ್ತು ಈ ಕಡೆ ಯೋಚನೆಯನ್ನೇ ಮಾಡಿರಲಿಲ್ಲ.

ಸುಮ್ನೆಬಂದೆ
ಪ್ರಯೋಗದ ಫಲಿತಾಂಶ: "ಮೌನದ ಬೆಳಕೇ ಗುರಿಯ ನೆರಳಿಗೆ ಬೀಜ" ಅನ್ನುವುದಕ್ಕೆ 14 ಹಾರ್ಟ್, 3 ಕೈಮುಗಿತ. ಚಿಕ್ಕಮ್ಮ "ಯಾರು ಹೇಳಿದ್ದು?" ಅಂತ ಕೇಳಿದರು, ಚೀನಾದ ಗಾದೆ ಅಂದೆ. ಆಫೀಸಿನ ಮ್ಯಾನೇಜರ್ "ತುಂಬಾ ಆಳವಾಗಿದೆ" ಅಂದರು. ಇನ್‌ಕ್ರಿಮೆಂಟ್ ತಿಂಗಳು, ನಾನೂ ಹೌದು ಸರ್ ಅಂದೆ.

ಗಂಗೋತ್ರಿಹುಡುಗಿ
🤦‍♀️

ಸೀಸನ್‌ಪಾಸ್
ಮೂರು ದಿನ ಆದ ಮೇಲೆ ಬರೆಯುತ್ತಿದ್ದೇನೆ. ಇವತ್ತು ಬೆಳಗ್ಗೆ ಮಂಡ್ಯ ಸ್ಟೇಷನ್ನಿನಲ್ಲಿ ನಿಂತಿದ್ದಾಗ ನಮ್ಮ ಬೋಗಿ ಗ್ರೂಪಿಗೆ ಏನು ಬಂತು ಗೊತ್ತಾ? ಗುಲಾಬಿ, ಸೂರ್ಯ, ಕೆಳಗೆ "ಮೌನದ ಬೆಳಕೇ ಗುರಿಯ ನೆರಳಿಗೆ ಬೀಜ." ಯಾರೋ ಪುಣ್ಯಾತ್ಮರು ಪಕ್ಕದಲ್ಲಿ ಒಬ್ಬ ದೊಡ್ಡವರ ಫೋಟೋ ಹಾಕಿದ್ದಾರೆ, ಯಾರದ್ದು ಅಂತ ಹೇಳಲ್ಲ, ಜಗಳ ಆಗುತ್ತದೆ. ಕೆಂಗೇರಿವರೆಗೆ ಮಲಗುವ ನಮ್ಮ ಯಜಮಾನರು ಅದನ್ನು ಎರಡು ಸಲ ಓದಿ "ನಿಜ, ನಿಜ" ಅಂದು ಶಾಲು ಹೊದ್ದುಕೊಂಡರು.

ಸುಮ್ನೆಬಂದೆ
ನನ್ನ ಜೀವನದ ಮೊದಲ ಯಶಸ್ಸು.

ಮಂಡಿಮೊಹಲ್ಲಾ
ಇನ್ನು ಐವತ್ತು ವರ್ಷಕ್ಕೆ ಯಾವುದಾದರೂ ಶಾಲೆ ಗೋಡೆ ಮೇಲೆ ಬರೆಸಿರುತ್ತಾರೆ.

ಮಲ್ಲಿಗೆಮೊಗ್ಗು
ಅದಿರಲಿ, ಆ ಹುಡುಗ ಎಲ್ಲಿ? ಗೋಡೆಚೀಟಿ, ಹೋಗಿ ಕೇಳಿದಿರೇನಪ್ಪ?

ಗೋಡೆಚೀಟಿ
ಹೋದೆ ಅಕ್ಕ. ಊಟ ಮಾಡುತ್ತಾ ಕೇಳಿದೆ. ನಿಜ ಹೇಳಿದೆ, 60 ಪುಟ ಅಂತ. ಅವರು ನಗಲಿಲ್ಲ. ರೂಮಿಗೆ ಕರೆದುಕೊಂಡು ಹೋದರು. ಅವರ ಗೋಡೆ ಮೇಲೆ ಒಂದು ಕ್ಯಾಲೆಂಡರ್ ಬಿಟ್ಟರೆ ಏನೂ ಇಲ್ಲ. ಮಂಚದ ಕೆಳಗಿನಿಂದ ಒಂದು ಗೋಣಿಚೀಲ ಎಳೆದರು, ಅದರ ತುಂಬಾ ಹಳೇ ಪ್ರಶ್ನೆಪತ್ರಿಕೆ. ಒಂದೊಂದರಲ್ಲೂ ತಪ್ಪು ಮಾಡಿದ್ದಕ್ಕೆಲ್ಲ ಕೆಂಪು ಸುತ್ತು, ಪಕ್ಕದಲ್ಲಿ ಸಣ್ಣಕ್ಷರದಲ್ಲಿ ಯಾಕೆ ತಪ್ಪಾಯಿತು ಅಂತ. ಕೆಲವು ಕಡೆ "ಗೊತ್ತಿತ್ತು, ಆತುರ" ಅಂತಷ್ಟೇ ಬರೆದಿದೆ. ಒಂದರ ಮೇಲೆ ಸಾರು ಚೆಲ್ಲಿದ ಕಲೆ. ಮೊದಲ ಪತ್ರಿಕೆಯಲ್ಲಿ ಅವರಿಗೆ ಬಂದಿದ್ದು ನೂರಕ್ಕೆ 34.

"ಈ ಚೀಲ ನೀನು ಇಟ್ಕೊ, ನಂಗಿನ್ಯಾಕೆ" ಅಂದರು. ಆಮೇಲೆ ಕೇಳಿದರು, "ನಿನ್ನ ಸ್ಟೇಟಸ್ ಯಾಕೆ ಮೂರು ದಿನದಿಂದ ಇಲ್ಲ? ನಾನು ದಿನಾ ನೋಡ್ತಿದ್ದೆ, ಈ ಹುಡುಗ ಎದ್ದ, ನಾನೂ ಏಳಬೇಕು ಅನ್ನಿಸ್ತಿತ್ತು."

ಏನು ಹೇಳಬೇಕೋ ತಿಳಿಯಲಿಲ್ಲ.

ನಿನ್ನೆ ಒಂದು ಪತ್ರಿಕೆ ಕೂತು ಮಾಡಿದೆ. 41 ಬಂತು.

ನಾಲೆಬಯಲು
ಒಳಹರಿವು ಶುರುವಾಗಿದೆ!

ಒಂಟಿಕೊಪ್ಪಲ್‌ಮೇಷ್ಟ್ರು
41ರಲ್ಲಿ "ಗೊತ್ತಿತ್ತು, ಆತುರ" ಎಷ್ಟು ಅಂತ ಲೆಕ್ಕ ಹಾಕಿ ತಮ್ಮಾ. ಅದನ್ನು ಇಲ್ಲಿ ಹೇಳಬೇಕಾಗಿಲ್ಲ.

ಬಾಡಿಗೆಮನೆ
ಗೋಡೆ ಏನಾಯಿತು?

ಗೋಡೆಚೀಟಿ
ಕೀಳುತ್ತಿದ್ದೇನೆ. ಚೀಟಿಯ ಮೇಲಿನ ಅರ್ಧ ಬರುತ್ತದೆ, ಕೆಳಗಿನ ಅರ್ಧ ಗೋಡೆಯಲ್ಲೇ ಉಳಿಯುತ್ತದೆ. ಈಗ ಎಲ್ಲ ಕಡೆ ಅರ್ಧರ್ಧ ನುಡಿಮುತ್ತು. "ಸೋಲೇ" ಅಂತ ಒಂದು ಇದೆ, ಮುಂದಿನದು ಕೈಗೆ ಬಂತು.

ಮಲ್ಲಿಗೆಮೊಗ್ಗು
ಕೊಬ್ಬರಿ ಎಣ್ಣೆ ಹಚ್ಚಿ ಅರ್ಧ ಗಂಟೆ ಬಿಡಿ, ಆಮೇಲೆ ಹಳೇ ಬನಿಯನ್ ಬಟ್ಟೆಯಿಂದ ಉಜ್ಜಿ. ಮೆಷಿನ್ ಮೇಲಿನ ಸ್ಟಿಕರ್ ನಾನು ಹಾಗೇ ತೆಗೆಯುವುದು.

ಬಾಡಿಗೆಮನೆ
ಮೆಷಿನ್ ಬೇರೆ, ಸುಣ್ಣದ ಗೋಡೆ ಬೇರೆ ಅಕ್ಕ. ತಮ್ಮಾ, ಹಚ್ಚಬೇಡ. ಬರೀ ಬಿಸಿನೀರು.

ಗೋಡೆಚೀಟಿ
ನಿಮ್ಮ ಮೆಸೇಜ್ ನೋಡುವಷ್ಟರಲ್ಲಿ ಹಚ್ಚಿಬಿಟ್ಟಿದ್ದೆ ಅಣ್ಣ. ಅಂಟು ಪೂರ್ತಿ ಹೋಯಿತು. ಈಗ ಗೋಡೆ ಮೇಲೆ 163 ಎಣ್ಣೆ ಕಲೆ.